ಸುಮ್ಮನೆ ನೋಡಲು ಬಂದವರು

ಸರದಿ ಅಂಗಡಿಯ ಬಾಗಿಲಿಗೆ ಬಂದು ಯಾರಾದರೂ "ಸುಮ್ನೆ ನೋಡೋಕೆ ಬಂದೆ" ಅಂದರೆ ಸಾಕು, ಬಾಗಿಲು ನೋಡಿಕೊಳ್ಳುವ ಕಂಡಕ್ಟರಕ್ಕನಿಗೆ ಅವರ ಅಡುಗೆಮನೆ ಪೂರ್ತಿ ಕಣ್ಣಿಗೆ ಕಟ್ಟುತ್ತಿತ್ತು. ಖಾಲಿ ಡಬ್ಬಗಳು, ತಳ ಕಂಡ ಎಣ್ಣೆ ಬಾಟಲಿ, ಮಕ್ಕಳಿಗೆ ಬಡಿಸಿ ತನಗೆ ಹಸಿವಿಲ್ಲ ಅನ್ನುವ ಒಬ್ಬ ತಾಯಿಯೋ ತಂದೆಯೋ. ನಿಜವಾಗಿ ನೋಡುವುದಕ್ಕೆ ಆ ಅಂಗಡಿಯಲ್ಲಿ ಇತ್ತಾದರೂ ಏನು? ಜಜ್ಜಿಹೋದ ಡಬ್ಬಿಗಳು, ಮೂಲೆ ಹರಿದ ಅಕ್ಕಿ ಚೀಲ, ಸೊಟ್ಟ ಮೂತಿಯ ಆಲೂಗಡ್ಡೆ. ಇವನ್ನು ನೋಡಿ ಕಣ್ಣು ತಂಪು ಮಾಡಿಕೊಳ್ಳಲು ಯಾರೂ ಶನಿವಾರ ಬೆಳಿಗ್ಗೆ ನಾಲ್ಕು ಬೀದಿ ದಾಟಿ ಬರುವುದಿಲ್ಲ.

ಆ ಮಾತಿನ ಅರ್ಥವನ್ನು ಆಕೆಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಸ್ ಕಂಪನಿ ಬಾಗಿಲು ಹಾಕಿ, ಕೈಯಲ್ಲಿದ್ದದ್ದೆಲ್ಲ ಕರಗಿ, ಇಸ್ತ್ರಿ ಅಂಗಡಿಯಲ್ಲಿ ದುಡಿಯುವ ಮಗಳ ಸಂಬಳ ಮನೆ ಬಾಡಿಗೆಗೇ ಸರಿಹೋಗುತ್ತಿದ್ದ ದಿನಗಳಲ್ಲಿ ಆಕೆಯೂ ಇದೇ ಬಾಗಿಲಿಗೆ ಬಂದು ಇದನ್ನೇ ಹೇಳಿದ್ದಳು. ಅದಕ್ಕೂ ಮೊದಲು ಎಷ್ಟೋ ಸಲ ಅಂಗಡಿಯ ಹತ್ತಿರದವರೆಗೆ ಬಂದು, ಧೈರ್ಯ ಸಾಲದೆ ಎದುರಿನ ಔಷಧಿ ಅಂಗಡಿಗೆ ನುಗ್ಗಿ, ಇಲ್ಲದ ತಲೆನೋವಿಗೆ ಮಾತ್ರೆ ಕೊಂಡು ಮನೆಗೆ ವಾಪಸಾಗಿದ್ದಳು. ಹಿಟ್ಟಿಗೆ ದುಡ್ಡಿಲ್ಲದ ಮನೆಯಲ್ಲಿ ತಲೆನೋವಿನ ಮಾತ್ರೆ ಮಾತ್ರ ರಾಶಿ ಬಿದ್ದಿತ್ತು.

ಕೊನೆಗೂ ಒಳಗೆ ಕಾಲಿಟ್ಟ ದಿನ ಆಕೆಯನ್ನು ಉಳಿಸಿದ್ದು ಅಂಗಡಿಯ ಒಂದು ಪದ್ಧತಿ. ಅಲ್ಲಿ ಕೊಡುವವರು ಬೇರೆ, ತಗೊಳ್ಳುವವರು ಬೇರೆ ಅಂತ ಇರಲಿಲ್ಲ. ನಿಮಗಿಂತ ಮುಂದಿದ್ದವರು ನಿಮಗೆ ತೂಗಿ ಕೊಡುತ್ತಾರೆ. ನಿಮ್ಮ ಚೀಲ ತುಂಬಿದ ಮೇಲೆ ನೀವು ತಕ್ಕಡಿಯ ಆ ಕಡೆಗೆ ದಾಟಿ, ನಿಮ್ಮ ಹಿಂದಿನವರಿಗೆ ತೂಗಬೇಕು. ಆಮೇಲೆ ಮನೆಗೆ. ದಿನದ ಕೊನೆಯವರಿಗೆ ಹಿಂದೆ ಯಾರೂ ಇರುವುದಿಲ್ಲವಲ್ಲ, ಅವರು ಮುಂದಿನ ಶನಿವಾರ ಬಂದು ಮೊದಲನೆಯವರಿಗೆ ತೂಗುತ್ತಾರೆ. ಸರದಿ ಎಂದೂ ಕಡಿಯುವುದಿಲ್ಲ. ಅವತ್ತು ಕಂಡಕ್ಟರಕ್ಕ ತಲೆ ತಗ್ಗಿಸಿ ನಿಂತಿದ್ದಾಗ ಎದುರಿಗಿದ್ದ ಹೆಂಗಸು ಅಯ್ಯೋ ಪಾಪ ಅನ್ನಲಿಲ್ಲ, ಹಲ್ಲು ಕಿರಿಯಲೂ ಇಲ್ಲ. ಬೇಗ ಬೇಗ ಆರಿಸಿ, ನನಗೆ ಮನೆಗೆ ಹೋಗಬೇಕು, ನಿಮ್ಮ ಹಿಂದಿನವರು ಕಾಯುತ್ತಿದ್ದಾರೆ ಎಂದು ಗದರಿದಳು. ಆ ಗದರಿಕೆಗೆ ಕಂಡಕ್ಟರಕ್ಕನ ಎದೆ ಹಗುರಾಯಿತು. ಗದರಿಸಿಕೊಳ್ಳುವವರು ಭಿಕ್ಷುಕರಲ್ಲ, ಗಿರಾಕಿಗಳು. ಕಂಡಕ್ಟರಾಗಿ ದುಡಿದ ಅಷ್ಟೂ ವರ್ಷ ಬಸ್ಸಿನಲ್ಲಿ ಆಕೆ ಪ್ರಯಾಣಿಕರನ್ನು ಗದರಿದ್ದೂ ಹಾಗೇ ಅಲ್ಲವೇ?

ಅಂಗಡಿ ಅಂದರೆ ಅದು ಹಿಂದೆ ಚಪ್ಪಲಿ ಅಂಗಡಿ. ಮಾಲೀಕ ಮುಚ್ಚಿಕೊಂಡು ಹೋದ ಮೇಲೆ ಬೀದಿಯವರೆಲ್ಲ ಸೇರಿ ಬಾಡಿಗೆಗೆ ಹಿಡಿದಿದ್ದರು. ಗೋಡೆಯ ಗೂಡುಗಳ ಮೇಲೆ ಚಪ್ಪಲಿ ನಂಬರುಗಳು ಹಾಗೇ ಇದ್ದವು. ಆರನೇ ನಂಬರಿನಲ್ಲಿ ಬೇಳೆ, ಒಂಬತ್ತರಲ್ಲಿ ಅಕ್ಕಿ, ಮಕ್ಕಳ ಸೈಜಿನ ಪುಟ್ಟ ಗೂಡುಗಳಲ್ಲಿ ಸೋಪು. ವಾರಕ್ಕೊಮ್ಮೆ ದೊಡ್ಡ ಗೋದಾಮಿನಿಂದ ವ್ಯಾನು ಬರುತ್ತಿತ್ತು. ಪೇಟೆಯ ಅಂಗಡಿಗಳು ಬೇಡವೆಂದ ಸರಕು, ಕೊನೆಯ ದಿನಾಂಕ ಹತ್ತಿರವಾದದ್ದು, ಪೊಟ್ಟಣ ಸುಕ್ಕಾದದ್ದು. ಒಳಗಿನ ಪದಾರ್ಥ ಮಾತ್ರ ಚೊಕ್ಕ. ಪೇಟೆಯಲ್ಲಿ ಕೊಡುವುದರ ಅರ್ಧಕ್ಕೂ ಕಡಿಮೆ ಕೊಟ್ಟರೆ ಸಾಕು, ಚೀಲ ತುಂಬುತ್ತಿತ್ತು. ಆ ಚೀಲದಿಂದಲೇ ಕಂಡಕ್ಟರಕ್ಕನ ಮೊಮ್ಮಗಳು ಬೆಳಿಗ್ಗೆ ಹೊಟ್ಟೆಗೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು. ಅದಕ್ಕಿಂತ ಮುಂಚೆ ನೀರು ಕುಡಿದು ಹೋಗುತ್ತಿದ್ದಳು.

ಈಗ ಆ ವ್ಯಾನಿಗೇ ಸಂಚಕಾರ ಬಂದಿತ್ತು.

ಗೋದಾಮಿನಿಂದ ಮೇಷ್ಟ್ರಿಗೆ ಫೋನ್ ಬಂದಿತ್ತು. ಮೇಷ್ಟ್ರು ಅಂದರೆ ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಅಂಗಡಿಯ ಮೇಲ್ವಿಚಾರಣೆ ಅವರದ್ದು. ಇನ್ನು ಮುಂದೆ ಸರಕು ಬೇಕಾದರೆ ತಗೊಳ್ಳುವವರೆಲ್ಲ ಕುತ್ತಿಗೆಗೆ ಹಳದಿ ಕಾರ್ಡು ಹಾಕಿಕೊಳ್ಳಬೇಕು, ಕೊಡುವವರು ಬೇರೆ ಸಾಲಿನಲ್ಲಿ ನಿಲ್ಲಬೇಕು, ಯಾರು ಯಾರಿಗೆ ಕೊಟ್ಟರು ಅನ್ನುವುದು ಫೋಟೋದಲ್ಲಿ ಎದ್ದು ಕಾಣಬೇಕು. ಅನುಕೂಲವಿದ್ದವರು ಬಡವರ ಸರಕಿಗೆ ಕೈ ಹಾಕುತ್ತಿದ್ದಾರೆ ಎಂದು ಯಾರೋ ದೂರು ಕೊಟ್ಟಿದ್ದರಂತೆ. ಶನಿವಾರ ಒಬ್ಬ ಅಧಿಕಾರಿ ಬಂದು ನೋಡುತ್ತಾನೆ. ಹಾಗೇನಾದರೂ ಅವನ ಕಣ್ಣಿಗೆ ಬಿದ್ದರೆ ವ್ಯಾನು ಅವತ್ತೇ ಬಂದ್.

ಇದನ್ನು ಹೇಳುವಾಗ ಮೇಷ್ಟ್ರ ಮುಖ ಹುಳಿ ತಿಂದಂತಾಗಿತ್ತು. ಕಾರ್ಡು ತಾನೇ ಅಕ್ಕ, ಹಾಕಿಕೊಂಡರಾಯಿತು ಬಿಡಿ ಎಂದೂ ಸಣ್ಣ ದನಿಯಲ್ಲಿ ಸೇರಿಸಿದರು.

"ಮೇಷ್ಟ್ರೇ, ಆ ಕಾರ್ಡು ನನ್ನ ಕುತ್ತಿಗೆಗೆ ಬಿದ್ದ ದಿನ ನಾನು ಮತ್ತೆ ಔಷಧಿ ಅಂಗಡಿಗೇ ಹೋಗ್ತೀನಿ," ಅಂದಳು ಕಂಡಕ್ಟರಕ್ಕ. "ಮೊಮ್ಮಗಳಿಗೆ ಮಾತ್ರೆ ತಿನ್ನಿಸ್ಲಾ, ನೀವೇ ಹೇಳಿ."

ಮೇಷ್ಟ್ರು ಆರನೇ ನಂಬರಿನ ಗೂಡಿನ ಬೇಳೆ ಪೊಟ್ಟಣಗಳನ್ನು ಒಪ್ಪ ಮಾಡತೊಡಗಿದರು.

ಶನಿವಾರ ಬೆಳಿಗ್ಗೆ ಮೇಷ್ಟ್ರು ಮನೆಯಿಂದ ಒಳ್ಳೆಯ ಕುರ್ಚಿ ತಂದು ಹಾಕಿದರು. ಮೇಜಿಗೆ ಬಟ್ಟೆ ಹಾಸಿ, ಫ್ಲಾಸ್ಕಿನಲ್ಲಿ ಟೀ, ತಟ್ಟೆಯಲ್ಲಿ ಬಿಸ್ಕತ್ತು ಇಟ್ಟರು. ಕಂಡಕ್ಟರಕ್ಕನನ್ನು ಪಕ್ಕಕ್ಕೆ ಕರೆದು ಇವತ್ತೊಂದು ದಿನ ಬಾಯಿಗೆ ಬೀಗ ಹಾಕಿಕೊಳ್ಳಿ, ಅಧಿಕಾರಿಯ ಮುಂದೆ ಬಸ್ಸಿನ ಗಂಟಲು ತೆಗೆಯಬೇಡಿ ಎಂದು ಕೈ ಮುಗಿದರು. ಆಕೆ ಆಗಲಿ ಎಂದು ತಲೆಯಾಡಿಸಿದಳು. ತಲೆಯಾಡಿಸುವಾಗ ಆಕೆಯ ಮನಸ್ಸಿನಲ್ಲೂ ಮೋಸವಿರಲಿಲ್ಲ.

ಸಾಲು ಸಾಗಲಾರಂಭಿಸಿ ಸ್ವಲ್ಪ ಹೊತ್ತಾಗಿತ್ತು. ಬಾಗಿಲಿಗೆ ಒಬ್ಬ ಬಂದ. ನಲವತ್ತರ ಆಸುಪಾಸು, ಕ್ಷೌರ ಮಾಡದ ಗಲ್ಲ, ಅಂಗಿಯ ಹೆಗಲಿನ ಮೇಲೆ ಹಿಟ್ಟಿನ ಧೂಳು, ಬೆರಳುಗಳ ತುಂಬ ರಟ್ಟಿನ ಪೆಟ್ಟಿಗೆ ಕೊಯ್ದ ಗೀರು. ಹೆಗಲಿಗೊಂದು ಮಾಸಿದ ಬ್ಯಾಗು. ಅವನು ಒಳಗೊಮ್ಮೆ ಹೊರಗೊಮ್ಮೆ ನೋಡಿ ಹೇಳಿದ, "ಏನಿಲ್ಲಮ್ಮ, ಸುಮ್ನೆ ನೋಡೋಕೆ ಬಂದೆ."

ಕಂಡಕ್ಟರಕ್ಕನಿಗೆ ಬಿಟ್ಟು ಓದುವವರಿಗೆ ಇದನ್ನು ಈಗಲೇ ಹೇಳಿಬಿಡುವುದು ನ್ಯಾಯ. ಬಂದವನೇ ಗೋದಾಮಿನ ಅಧಿಕಾರಿ. ಕೂಲಿಯವರು ಕಡಿಮೆ ಬಿದ್ದಿದ್ದರಿಂದ ಬೆಳಗಿನಿಂದ ತಾನೂ ಅವರ ಜೊತೆ ಲಾರಿ ಇಳಿಸಿ, ಬಟ್ಟೆ ಬದಲಿಸಲು ಪುರಸೊತ್ತಿಲ್ಲದೆ ಹಾಗೇ ಎದ್ದು ಬಂದಿದ್ದ. ಮತ್ತು ಅವನು ನಿಜವಾಗಿಯೂ ನೋಡುವುದಕ್ಕೇ ಬಂದಿದ್ದ. ಆ ಬಾಗಿಲಲ್ಲಿ ಆ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿದ ಮೊದಲ ಮನುಷ್ಯ ಅವನು. ಅದನ್ನು ನಂಬದಿರುವುದು ಕಂಡಕ್ಟರಕ್ಕನಿಗೆ ಅಭ್ಯಾಸವಾಗಿಹೋಗಿತ್ತು.

"ಎಲ್ರೂ ನೋಡೋಕೇ ಬರೋದು ಕಣಪ್ಪ," ಎಂದು ಅವನ ಕೈಗೊಂದು ಚೀಲ ಕೊಟ್ಟಳು. "ಒಳಗೆ ಹೋಗಿ ನೋಡು. ಬಾಗಿಲಲ್ಲಿ ನಿಂತ್ರೆ ಹಿಂದಿನೋರು ಹತ್ತೋದು ಹೇಗೆ?"

ಅವನು ಬೆಪ್ಪಾದ. ತಾನು ಗೋದಾಮಿನಿಂದ ಬಂದವನು ಎಂದು ಬಿಡಿಸಿ ಹೇಳಲು ನೋಡಿದ. ಅದು ಇನ್ನೂ ಕೆಟ್ಟಿತು. ಗೋದಾಮಿನ ಹೆಸರು ಕೇಳಿ ಕಂಡಕ್ಟರಕ್ಕನಿಗೆ ಕರುಳು ಚುರ್ ಅಂದಿತು.

"ನಾಚಿಕೆ ಯಾಕಪ್ಪ? ಆ ಗೋದಾಮು ಮೈಮುರಿದು ದುಡಿಯೋರಿಗೆ ಏನು ಕೊಡುತ್ತೆ ಅಂತ ನಮಗೆ ಗೊತ್ತಿಲ್ವಾ? ಊರಿಗೆಲ್ಲ ಅಕ್ಕಿ ಕಳಿಸ್ತಾರೆ, ಅವರ ಜನದ ಮನೇಲೇ ಒಲೆ ಉರಿಯಲ್ಲ. ಮುಂದೆ ಹೋಗು, ಮುಂದೆ ಹೋಗು."

ಅಷ್ಟರಲ್ಲಿ ಹಿಂದಿನಿಂದ ಬಂದವರು ತಳ್ಳಿದ್ದರಿಂದ ಅವನು ಚೀಲದ ಸಮೇತ ಒಂಬತ್ತನೇ ನಂಬರಿನ ಗೂಡಿನ ಮುಂದಿದ್ದ. ತುಂಬಿದ ಬಸ್ಸಿನಲ್ಲಿ ಆಕೆ ಸಾಗಹಾಕಿದ ಸಾವಿರಾರು ಪ್ರಯಾಣಿಕರಿಗೆ ಆದ ಗತಿಯೇ ಅವನಿಗೂ ಆಯಿತು.

ಅದೇ ಹೊತ್ತಿಗೆ ಬೀದಿಯ ಆಚೆ ಬದಿಯಿಂದ ಕೋಟು ಹಾಕಿದ ಒಬ್ಬರು ನಿಧಾನವಾಗಿ ದಾಟಿ ಬಂದರು. ಕಪ್ಪು ಕೋಟು, ಮುಖ ಕಾಣುವಂತೆ ಉಜ್ಜಿದ ಬೂಟು, ಕೈಯಲ್ಲಿ ಚರ್ಮದ ಬ್ಯಾಗು. ಅವರನ್ನು ಕಂಡದ್ದೇ ಮೇಷ್ಟ್ರು ಎದ್ದು ಬಿದ್ದು ಓಡಿ ಬಂದರು. ಕೋಟಿನವರು ಹಿಂಜರಿಯುತ್ತ, ಏನಿಲ್ಲ, ಸುಮ್ಮನೆ ನೋಡಲು ಬಂದೆ ಅಂದರು. ಗೊತ್ತು ಸಾರ್, ತಮಗೇ ಕಾಯುತ್ತಿದ್ದೆವು ಎಂದು ಮೇಷ್ಟ್ರು ಅವರನ್ನು ಕುರ್ಚಿಯಲ್ಲಿ ಕೂರಿಸಿ ಟೀ ಬಗ್ಗಿಸಿದರು. ಕಂಡಕ್ಟರಕ್ಕನೂ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು. ಆ ಮಾತು ಎರಡನೇ ಸಲ ಕಿವಿಗೆ ಬಿದ್ದಿತ್ತು, ಆದರೆ ಕೋಟು ಆಕೆಯ ಕಣ್ಣು ಕಟ್ಟಿತು.

ಕೋಟಿನವರು ಟೀ ಕುಡಿದರು. ಬಿಸ್ಕತ್ತು ತಿಂದರು. ಇನ್ನೊಂದು ತಿಂದರು. ತಟ್ಟೆಯ ಕಡೆ ನೋಡದೆಯೇ ಮತ್ತೊಂದಕ್ಕೆ ಕೈ ಹಾಕಿದರು. ಆಮೇಲೆ ಗಂಟಲು ಸರಿಪಡಿಸಿಕೊಂಡು ಇಲ್ಲಿ ಯಾರು ಬೇಕಾದರೂ ಕೊಳ್ಳಬಹುದೇ ಎಂದು ಕೇಳಿದರು.

ಮೇಷ್ಟ್ರಿಗೆ ಬೆವರು ಕಿತ್ತುಕೊಂಡಿತು. ಜನ್ಮದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಒಮ್ಮೆಲೇ ದೊಡ್ಡದಕ್ಕೇ ಕೈ ಹಾಕಿದರು. ಛೆ ಛೆ, ಎಲ್ಲಾದರೂ ಉಂಟೇ ಸಾರ್, ತೀರಾ ಗತಿಯಿಲ್ಲದವರಿಗೆ ಮಾತ್ರ. ಒಬ್ಬೊಬ್ಬರನ್ನೂ ಮನೆಮಠ ವಿಚಾರಿಸಿಯೇ ಒಳಗೆ ಬಿಡುತ್ತೇವೆ, ತಮ್ಮಂಥ ಬಟ್ಟೆ ಹಾಕಿದವರು ಇತ್ತ ಸುಳಿಯುವ ಹಾಗೂ ಇಲ್ಲ ಎಂದು ಒಂದೇ ಉಸಿರಿಗೆ ಒದರಿಬಿಟ್ಟರು.

ಕೋಟಿನವರು ಕೇಳಿಸಿಕೊಂಡರು. ಬಟ್ಟಲನ್ನು ಸದ್ದಾಗದಂತೆ ಕೆಳಗಿಟ್ಟರು. ಬಹಳ ಒಳ್ಳೆಯ ಕೆಲಸ ಮಾಡುತ್ತಿದ್ದೀರಿ ಎಂದು ಎದ್ದು ನಿಂತು, ಬ್ಯಾಗು ಎತ್ತಿಕೊಂಡರು. ಎದ್ದಾಗ ಕೋಟು ಸ್ವಲ್ಪ ಸರಿಯಿತು. ಸೊಂಟದ ಬೆಲ್ಟಿಗೆ ಮೊಳೆಯಿಂದ ಹೊಸದಾಗಿ ಹೊಡೆದ ತೂತು, ಅದರಾಚೆ ನೇತಾಡುವ ಉದ್ದನೆಯ ಬಾಲ ಕಂಡಕ್ಟರಕ್ಕನ ಕಣ್ಣಿಗೆ ಬಿತ್ತು. ಕೋಟಿನ ಜೇಬು ಚೌಕವಾಗಿ ಉಬ್ಬಿತ್ತು. ತಟ್ಟೆಯಲ್ಲಿ ಒಂದೂ ಬಿಸ್ಕತ್ತು ಉಳಿದಿರಲಿಲ್ಲ.

ಬಸ್ಸಿನಲ್ಲಿ ಟಿಕೆಟ್ಟಿಗೆ ಕಾಸಿಲ್ಲದವರೇ ಎಲ್ಲರಿಗಿಂತ ನೆಟ್ಟಗೆ ನಿಲ್ಲುತ್ತಿದ್ದರು, ಕಿಟಕಿಯಾಚೆ ಏನೋ ಮುಖ್ಯವಾದದ್ದು ಕಾಣುತ್ತಿದೆ ಅನ್ನುವ ಹಾಗೆ. ಇವರೂ ಹಾಗೇ ನಿಂತಿದ್ದರು. ಅಯ್ಯೋ, ಇವರಿಗೆ ಕುರ್ಚಿ ಕೊಟ್ಟು, ಟೀ ಕೊಟ್ಟು, ನಿಮ್ಮಂಥವರು ಇತ್ತ ಬರಬೇಡಿ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸುತ್ತಿದ್ದೇವಲ್ಲ ಎಂದು ಆಕೆಗೆ ಹೊಳೆಯಿತು. ಇವತ್ತು ಈ ಬಾಗಿಲು ದಾಟಿದರೆ ಇವರು ಇನ್ನೆಂದೂ ಬರುವುದಿಲ್ಲ. ಅದು ಆಕೆಗೆ ತನ್ನ ಹೆಸರಿನಷ್ಟೇ ಖಚಿತವಾಗಿ ಗೊತ್ತಿತ್ತು.

ಆದರೆ ಇವರು ಅಧಿಕಾರಿ ಅಲ್ಲವಾದರೆ ನಿಜವಾದ ಅಧಿಕಾರಿ ಇನ್ನೂ ಬರಬೇಕು. ಯಾವ ಕ್ಷಣದಲ್ಲಾದರೂ ಬಂದಾನು. ಬಂದವನ ಕಣ್ಣಿಗೆ ಮೊದಲು ಬೀಳುವುದೇ ಕೋಟು ಬೂಟಿನ ಮಹಾಶಯರು ಅರ್ಧ ಬೆಲೆಗೆ ಅಕ್ಕಿ ಕಟ್ಟಿಸಿಕೊಳ್ಳುವ ದೃಶ್ಯ. ದೂರು ಸಾಬೀತಾಗಲು ಇನ್ನೇನು ಬೇಕು? ವ್ಯಾನು ನಿಲ್ಲುತ್ತದೆ. ಮೊಮ್ಮಗಳು ಮತ್ತೆ ನೀರು ಕುಡಿದು ಶಾಲೆಗೆ ಹೋಗುತ್ತಾಳೆ. ಒಂದು ಕಡೆ ಮೊಮ್ಮಗಳು, ಇನ್ನೊಂದು ಕಡೆ ಗುರುತಿಲ್ಲದ ಒಬ್ಬರ ಬೆಲ್ಟಿನ ತೂತು. ಮೀನಮೇಷ ಎಣಿಸಲು ಸಮಯವಿರಲಿಲ್ಲ. ಕೋಟಿನವರು ಹೊಸ್ತಿಲಿಗೆ ಬಂದಾಗಿತ್ತು.

ಕಂಡಕ್ಟರಕ್ಕ ಕೈ ಚಾಚಿ ಬಾಗಿಲಿಗೆ ಅಡ್ಡ ಹಿಡಿದಳು. ಬಾಯಿಯ ಬೀಗ ಕಿತ್ತು ಬಿತ್ತು.

"ಎಲ್ಲಿಗೆ ಸಾರ್? ನಡು ದಾರೀಲಿ ಇಳಿಯೋ ಹಾಗಿಲ್ಲ. ಇಲ್ಲಿ ನೋಡೋಕೆ ಬಂದೋರೂ ಚೀಲ ತುಂಬಿಸ್ಕೊಂಡೇ ಹೋಗ್ಬೇಕು. ಆಮೇಲೆ ಹಿಂದಿನೋರಿಗೆ ತೂಗಿ ಕೊಡ್ಬೇಕು. ಇದು ಅಂಗಡಿ ರೂಲ್ಸು. ಯಾರಿಗೂ ಬಿಟ್ಟಿಲ್ಲ."

ನೋಡಲು ಬಂದವರೂ ಚೀಲ ತುಂಬಿಸಿಕೊಳ್ಳಲೇಬೇಕು ಅನ್ನುವ ರೂಲ್ಸು ಅಂಗಡಿಯಲ್ಲಿ ಇರಲೇ ಇಲ್ಲ. ಆ ಗಳಿಗೆಯಲ್ಲಿ ಆಕೆಯ ಬಾಯಲ್ಲಿ ಹುಟ್ಟಿದ್ದು. ಹಿಂದಿನಿಂದ ಮೇಷ್ಟ್ರು ಅಕ್ಕ, ಅಕ್ಕ ಎಂದು ನರಳುತ್ತಿದ್ದರು. ಆಕೆ ಆ ಕಡೆ ತಿರುಗಿಯೂ ನೋಡಲಿಲ್ಲ. ಕೋಟಿನವರ ಕೈಗೆ ಚೀಲ ತುರುಕಿ, ಅಧಿಕಾರಿಗಳನ್ನೂ ಬಿಡುವುದಿಲ್ಲವೋ ಎಂದು ತೊದಲಿದ ಮೇಷ್ಟ್ರಿಗೆ, ಅಧಿಕಾರಿ ಅಂದರೆ ಆಕಾಶದಿಂದ ಇಳಿದವರೋ, ಅವರೂ ಉಣ್ಣುವವರೇ ತಾನೇ ಎಂದು ಗದರಿ, ಸಾಲಿನಲ್ಲಿ ನಿಲ್ಲಿಸಿಬಿಟ್ಟಳು.

ಕೋಟಿನವರು ಚೀಲದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ರೂಲ್ಸು ಅಂದ ಮೇಲೆ ಪಾಲಿಸಲೇಬೇಕಲ್ಲ ಎಂದು ಯಾರಿಗೋ ಸಮಜಾಯಿಷಿ ಕೊಟ್ಟರು.

ಆಗ ತಕ್ಕಡಿಯ ಹಿಂದೆ ನಿಂತಿದ್ದವನು ಯಾರು? ಹಿಟ್ಟಿನ ಧೂಳಿನ ಅಂಗಿಯವನೇ. ಅವನು ಗೂಡಿನಿಂದ ಗೂಡಿಗೆ ಹೋಗಿ ನೋಡಿದ್ದ, ಪ್ರಶ್ನೆ ಕೇಳಿದ್ದ, ಕೊನೆಗೆ ಸಾಲು ತಳ್ಳಿದ ಕಡೆ ಹೋಗಿ ಚೀಲವನ್ನೂ ತುಂಬಿಸಿಕೊಂಡಿದ್ದ. ಈಗ ಅವನ ಹಿಂದಿನವರಿಗೆ ತೂಗುವ ಸರದಿ. ಕೋಟಿನವರು ಅಕ್ಕಿ, ಬೇಳೆ, ಆಲೂಗಡ್ಡೆ ಎಂದರು. ಬೇರೆಯವರಿಗಾಗಿ ಕೇಳುತ್ತಿದ್ದೇನೆ ಅನ್ನುವ ಹಾಗೆ ಕೇಳಿದರು. ಅವನು ತಲೆಯೆತ್ತಿ ಆ ಕೋಟನ್ನು ನೋಡಿದ. ಬೂಟನ್ನು ನೋಡಿದ. ಹುಬ್ಬು ಗಂಟಿಕ್ಕಿತು.

"ಮನೇಲಿ ಎಷ್ಟು ಜನ ಸಾರ್?" ಎಂದು ಕೇಳಿದ.

"ನಾಲ್ಕು," ಅಂದರು ಕೋಟಿನವರು. ಮೆಲ್ಲಗೆ ಮುಂದುವರಿಸಿದರು. "ಆಫೀಸು ಮುಚ್ಚಿದ್ದು ಇನ್ನೂ ಮನೇಲಿ ಹೇಳಿಲ್ಲ. ದಿನಾ ಕೋಟು ಹಾಕ್ಕೊಂಡು ಹೊರಡ್ತೀನಿ."

ಅವನ ಕೈ ತಕ್ಕಡಿಯ ಮೇಲೆ ನಿಂತೇಬಿಟ್ಟಿತು. ಆಲೂಗಡ್ಡೆಯ ಬುಟ್ಟಿಗೆ ಬಗ್ಗಿ, ಸೊಟ್ಟ ಇಲ್ಲದವನ್ನು ಹುಡುಕಿ ಹುಡುಕಿ ಹಾಕಿದ. ಮುಳ್ಳು ಮಧ್ಯಕ್ಕೆ ಬಂದ ಮೇಲೂ ಇನ್ನೊಂದು ಹಾಕಿದ. ಆಮೇಲೆ ತಾನು ಪಕ್ಕಕ್ಕೆ ಸರಿದು ಕೋಟಿನವರಿಗೆ ಜಾಗ ಬಿಟ್ಟ.

ಅವರ ಹಿಂದೆ ಕಂಕುಳಲ್ಲಿ ಮಗು ಎತ್ತಿಕೊಂಡ ಹೆಂಗಸು ನಿಂತಿದ್ದಳು. ಕೋಟಿನವರು ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ಕೋಟು ಬಿಚ್ಚಿ, ಹಿಂದೆ ಚಪ್ಪಲಿಯ ಚೀಲ ತೂಗುಹಾಕುತ್ತಿದ್ದ ಮೊಳೆಗೆ ಸಿಕ್ಕಿಸಿ, ತೋಳು ಮಡಚಿ ತಕ್ಕಡಿಗೆ ಕೈ ಹಾಕಿದರು. ಮಗು ಕೈ ಚಾಚಿತು. ಅವರು ಮೊಳೆಯಲ್ಲಿದ್ದ ಕೋಟಿನ ಜೇಬಿನಿಂದ ಒಂದು ಬಿಸ್ಕತ್ತು ತೆಗೆದು ಅದರ ಕೈಗೆ ಕೊಟ್ಟು, ಹೆಂಗಸಿಗೆ ಬೇಗ ಬೇಗ ಆರಿಸಮ್ಮ, ಹಿಂದಿನವರು ಕಾಯುತ್ತಿದ್ದಾರೆ ಎಂದರು. ಅವರಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಬಾಗಿಲಲ್ಲಿದ್ದ ಕಂಡಕ್ಟರಕ್ಕನ ಕಣ್ಣು ಮಂಜಾಯಿತು. ವ್ಯಾನು ಹೋದರೆ ಹೋಗಲಿ, ಮಾಡಿದ್ದು ಸರಿ ಎಂದು ಆಕೆಗೆ ಅನ್ನಿಸಿತು.

ಧೂಳಿನ ಅಂಗಿಯವನು ಸೀದಾ ಮೇಷ್ಟ್ರ ಹತ್ತಿರ ಬಂದ. ಕುರ್ಚಿ ಹಾಕಿ, ಬಟ್ಟೆ ಹಾಸಿ ಯಾರಿಗೆ ಕಾಯುತ್ತಿದ್ದೀರಿ ಎಂದು ವಿಚಾರಿಸಿದ. ಮೇಷ್ಟ್ರು ತಕ್ಕಡಿಯ ಕಡೆ ಬೆರಳು ತೋರಿಸಿ, ಅಧಿಕಾರಿಗಳು ಅಲ್ಲಿ ಆಲೂಗಡ್ಡೆ ತೂಗುತ್ತಿದ್ದಾರಲ್ಲಪ್ಪ ಎಂದು ಅಳುವ ದನಿಯಲ್ಲಿ ಹೇಳಿದರು. ಅವನು ಬ್ಯಾಗಿಗೆ ಕೈ ಹಾಕಿ, ದಾರ ಪೋಣಿಸಿದ ಹಳದಿ ಕಾರ್ಡುಗಳ ಕಟ್ಟನ್ನು ಮೇಜಿನ ಮೇಲಿಟ್ಟ.

ಮೇಷ್ಟ್ರು ಕಾರ್ಡು ನೋಡಿದರು, ಅವನನ್ನು ನೋಡಿದರು, ತಾವೇ ಆ ಕುರ್ಚಿಯ ಮೇಲೆ ಕುಸಿದರು. ಗೋದಾಮಿನ ಬಗ್ಗೆ ಆಡಿದ್ದೆಲ್ಲ ನೆನಪಾಗಿ ಕಂಡಕ್ಟರಕ್ಕ ನಾಲಗೆ ಕಚ್ಚಿಕೊಂಡಳು. ಆದರೂ ಸುಮ್ಮನಿರಲಾಗಲಿಲ್ಲ. ಕಾರ್ಡು ಹಾಕುವುದಾದರೆ ಮೊದಲು ತನಗೇ ಹಾಕು, ಆಮೇಲೆ ಮೊಮ್ಮಗಳಿಗೆ ನೀನೇ ಬಂದು ಉತ್ತರ ಹೇಳು ಎಂದಳು. ಆ ಕೋಟಿನವರ ಕುತ್ತಿಗೆಗೆ ಮಾತ್ರ ಹಾಕಲು ಬಿಡುವುದಿಲ್ಲ ಎಂದಳು.

"ಯಾರ ಕುತ್ತಿಗೆಗೆ ಹಾಕ್ಲಿ ಅಕ್ಕ, ನೀವೇ ಹೇಳಿ," ಅಂದ ಅವನು. "ಹಸಿದೋರನ್ನ ಸಾಹೇಬ್ರು ಅಂತ ಕುರ್ಚೀಲಿ ಕೂರಿಸಿದ್ರಿ. ನನ್ನನ್ನ ಹಸಿದೋನು ಅಂತ ಸಾಲಿಗೆ ತಳ್ಳಿದ್ರಿ. ವಾರ ವಾರ ಇಲ್ಲೇ ಇರೋ ನಿಮಗೇ ಗೊತ್ತಾಗ್ಲಿಲ್ಲ. ಫೋಟೋ ನೋಡೋರಿಗೆ ಏನು ಗೊತ್ತಾಗುತ್ತೆ? ಆ ಸಾರ್ ಕೋಟು ನೋಡಿ ನಾನೂ ದೂರು ನಿಜ ಅಂದ್ಕೊಂಡೆ. ಕಾರ್ಡು ಇದ್ದಿದ್ರೆ ಅವರು ಒಳಗೆ ಬರ್ತಾನೇ ಇರ್ಲಿಲ್ಲ. ನಾನು ಹಾಗೇ ಬರೆದುಕೊಡ್ತೀನಿ. ಮಿಕ್ಕಿದ ಸರಕು ಎಸೆಯೋ ತಾಪತ್ರಯ ಏನು ಅಂತ ನಮ್ಮ ದೊಡ್ಡೋರಿಗೆ ಚೆನ್ನಾಗಿ ಗೊತ್ತು, ನನ್ನ ಮಾತು ತೆಗೆದುಹಾಕಲ್ಲ. ವ್ಯಾನು ಬರುತ್ತೆ."

ಅಂಗಡಿಯಲ್ಲಿ ಯಾರೋ ಶಿಳ್ಳೆ ಹಾಕಿದರು. ಮೇಷ್ಟ್ರು ಫ್ಲಾಸ್ಕಿನಲ್ಲಿ ಉಳಿದಿದ್ದ ಟೀಯನ್ನು ಅವನಿಗೆ ಬಗ್ಗಿಸಲು ಹೋಗಿ ಅರ್ಧ ಮೇಜಿಗೇ ಕುಡಿಸಿದರು. ಹಾಗಾದರೆ ಆ ಚೀಲ ಇತ್ತ ಕೊಡಿ ಸಾರ್, ವಾಪಸ್ ಇಟ್ಟುಬಿಡುತ್ತೇವೆ ಎಂದು ಕೈ ಚಾಚಿದರು. ಅವನು ಚೀಲವನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ.

"ಇದು ಕೊಡಲ್ಲ. ದುಡ್ಡು ಕೊಟ್ಟಿದ್ದೀನಿ, ಸರದೀನೂ ಮಾಡಿದ್ದೀನಿ. ಗೋದಾಮು ದುಡಿಯೋರಿಗೆ ಏನು ಕೊಡುತ್ತೆ ಅಂದ್ರಲ್ಲ ಅಕ್ಕ, ಸರಿಯಾಗೇ ಅಂದ್ರಿ."

ಮೊದಲು ನಕ್ಕದ್ದು ತಕ್ಕಡಿಯ ಹತ್ತಿರವಿದ್ದ ಕೋಟಿನವರು. ಆಮೇಲೆ ಇಡೀ ಅಂಗಡಿ ನಕ್ಕಿತು. ಕಂಡಕ್ಟರಕ್ಕ ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವತ್ತು ಬಾಗಿಲು ಹಾಕುವ ಹೊತ್ತಿಗೆ, ಎಂದಿನಂತೆ ಎಲ್ಲರಿಗಿಂತ ಕೊನೆಗೆ ಆಕೆಯ ಚೀಲ ತುಂಬಿತು. ಇಷ್ಟು ದಿನ ಮೇಲೊಂದು ಟವೆಲ್ ಮುಚ್ಚಿ ಒಯ್ಯುತ್ತಿದ್ದ ಚೀಲವನ್ನು ಹಾಗೇ ತೆರೆದು ಹಿಡಿದು, ಔಷಧಿ ಅಂಗಡಿಯ ಮುಂದಿನಿಂದಲೇ ಎದೆ ಸೆಟೆಸಿ ನಡೆದು ಹೋದಳು.

ಮುಂದಿನ ಶನಿವಾರದ ಹೊತ್ತಿಗೆ ಹಳದಿ ಕಾರ್ಡುಗಳೆಲ್ಲ ಗೂಡುಗಳ ಕುತ್ತಿಗೆಗೆ ಬಿದ್ದಿದ್ದವು. ಹಿಂಬದಿಯಲ್ಲಿ ಮೇಷ್ಟ್ರು ಚಂದದ ಅಕ್ಷರದಲ್ಲಿ ಅಕ್ಕಿ, ಬೇಳೆ, ಸೋಪು ಎಂದು ಬರೆದಿದ್ದರು. ಬಾಗಿಲ ಮೇಲೆ ಹೊಸ ಬೋರ್ಡು: ಸುಮ್ಮನೆ ನೋಡಲು ಬಂದವರು ಚೀಲ ತುಂಬಿಸಿಕೊಂಡೇ ಹೋಗತಕ್ಕದ್ದು. ವ್ಯಾನು ಬಂದಿತ್ತು, ಹಿಂದಿಗಿಂತ ಭಾರವಾಗಿಯೇ ಬಂದಿತ್ತು. ಕಳೆದ ವಾರದ ಕೊನೆಯವಳಾದ್ದರಿಂದ ಕಂಡಕ್ಟರಕ್ಕ ಮೊದಲನೆಯವರಿಗೆ ತೂಗಲು ತಕ್ಕಡಿಯ ಹಿಂದೆ ನಿಂತಿದ್ದಳು. ಬಾಗಿಲನ್ನು ಕೋಟಿನವರು ವಹಿಸಿಕೊಂಡಿದ್ದರು. ಕೋಟು ಮನೆಯಲ್ಲೇ ಉಳಿದಿತ್ತು. ಹೆಂಡತಿಗೆ ಎಲ್ಲ ಹೇಳಿದೆ ಎಂದು ಬಂದ ತಕ್ಷಣ ಕಂಡಕ್ಟರಕ್ಕನ ಕಿವಿಯಲ್ಲಿ ಉಸುರಿದ್ದರು.

ಎದುರಿನ ಔಷಧಿ ಅಂಗಡಿಯ ಮುಂದೆ ಒಬ್ಬಳು ಹೆಂಗಸು ನಿಂತಿದ್ದಳು. ಇತ್ತ ಒಂದು ಹೆಜ್ಜೆ ಇಡುವಳು, ಮತ್ತೆ ಹಿಂದಕ್ಕೆ ಹೋಗುವಳು. ಕೋಟಿನವರು ಬೀದಿ ದಾಟಿ ಅವಳ ಹತ್ತಿರ ಹೋದರು. ಏನು ಹೇಳಿದರೋ ಕೇಳಿಸಲಿಲ್ಲ. ಆದರೆ ಅವರು ತಮ್ಮ ಎದೆ ಮುಟ್ಟಿ ತೋರಿಸಿದ್ದು, ಆ ಹೆಂಗಸು ಬೋರ್ಡು ಓದಿ ಫಕ್ಕನೆ ನಕ್ಕದ್ದು, ಇಬ್ಬರೂ ಒಟ್ಟಿಗೆ ಬೀದಿ ದಾಟಿದ್ದು ಕಂಡಿತು. ಹೊಸ್ತಿಲಲ್ಲಿ ಅವಳ ಕಾಲು ಮತ್ತೆ ಹಿಂಜರಿಯಿತು.

"ಬಾರಮ್ಮ, ಒಳಗೆ ಜಾಗ ಇದೆ," ಎಂದು ಕಂಡಕ್ಟರಕ್ಕ ಇಡೀ ಬೀದಿಗೆ ಕೇಳುವಂತೆ ಬಸ್ಸಿನ ಗಂಟಲು ತೆಗೆದಳು. "ಮುಂದೆ ಬಾ, ಮುಂದೆ ಬಾ. ರೈಟ್!"

ಅವಳು ಒಳಗೆ ಬಂದಳು. ಕಂಡಕ್ಟರಕ್ಕ ತಕ್ಕಡಿಗೆ ಮೊದಲ ಆಲೂಗಡ್ಡೆ ಹಾಕಿದಳು.